ದೊಡ್ಡ ಮೋರಿ ಪಕ್ಕದ ಮನೆಯ ವಾಸನೆ ಪಟ್ಟಿ

"ಕೆನಾಲ್ ಫೇಸಿಂಗ್, ವಿಶಾಲವಾದ ನೋಟ, ಧಾರಾಳ ಗಾಳಿ" ಎಂದು ನಮ್ಮ ಬ್ರೋಕರ್ ಸಾರ್ ಒಂದು ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟರು. ವಿಜಯನಗರದ ಒಂದು ಬೇಕರಿಯ ಮಹಡಿ ಮೇಲೆ ನಮ್ಮ ಆಫೀಸು. ಮಾರಾಟಕ್ಕೆ ಬಂದ ಮನೆಗಳ ಫೋಟೊ ತೆಗೆದು, ವಿವರ ಬರೆದು, ಮನೆ ಮಾರುವ ಆ್ಯಪ್‌ಗಳಿಗೆ ಏರಿಸುವುದು ನನ್ನ ಕೆಲಸ. ಮಾರ್ಚ್ ಮೊದಲ ವಾರ, ಸೆಕೆ ಆಗಲೇ ಶುರುವಾಗಿತ್ತು.

"ಕೆನಾಲ್ ಅಂದ್ರೆ ಯಾವುದು ಸಾರ್?" ಎಂದೆ.

"ಅದೇ ಮೇಡಂ, ಕೆಂಗೇರಿ ಕಡೆ ಹರಿಯುತ್ತಲ್ಲ."

"ಅದು ದೊಡ್ಡ ಮೋರಿ ಅಲ್ವಾ?"

"ಮೋರಿ ಅಂತ ಬರೆದ್ರೆ ಯಾರು ಬರ್ತಾರೆ ಹೇಳಿ? ನೀವು ಮೊದಲು ಹೋಗಿ ಫೋಟೊ ತಗೊಂಡು ಬನ್ನಿ."

ಹೋದೆ. ಕೆಂಗೇರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಾಲು ಮನೆಗಳ ಒಂದು ಅಡ್ಡರಸ್ತೆ. ರಸ್ತೆಯ ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ಎದೆಮಟ್ಟದ ಗೋಡೆ. ಗೋಡೆಯಾಚೆ ಮೋರಿ. ಸ್ಕೂಟರ್ ತಿರುಗಿಸುತ್ತಿದ್ದಂತೆ ಒಂದು ಕೈ ಬಿಟ್ಟು ಮೂಗು ಮುಚ್ಚಿಕೊಂಡೆ. ಕೊಳೆತ ಮೊಟ್ಟೆ, ಬಟ್ಟೆ ಸೋಪಿನ ನೊರೆ, ಅದರಡಿಯಲ್ಲಿ ಹೆಸರು ಹೇಳಲು ಇಷ್ಟವಿಲ್ಲದ್ದು ಇನ್ನೇನೋ, ಎಲ್ಲ ಸೇರಿ ಗಂಟಲಿಗೆ ಅಂಟಿಕೊಳ್ಳುವಂಥ ನಾತ. ನನ್ನದು ಚುರುಕು ಮೂಗು. ಬೇರೆಯವರ ಟಿಫನ್ ಡಬ್ಬಿಯಲ್ಲಿ ಏನಿದೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳುವವಳು ನಾನು. ಆ ದಿನ ಆ ಮೂಗಿನ ಮೇಲೆ ಸಿಟ್ಟು ಬಂತು.

ಮನೆಯ ಒಡತಿ ಗೇಟಿನಲ್ಲೇ ನಿಂತಿದ್ದರು. ಐವತ್ತರ ಆಸುಪಾಸು, ಗದಗ ಕಡೆಯವರು, ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಜೋಳದ ಹಿಟ್ಟು. ನೆಲಮಹಡಿಯಲ್ಲಿ ಖಡಕ್ ರೊಟ್ಟಿ, ಅದಕ್ಕೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಎಂಬ ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ರೊಟ್ಟಿ ಬಡಿಯಲು ಇಬ್ಬರು ಹೆಂಗಸರು ಬರುತ್ತಿದ್ದರು. ಗಂಡ ಲಾರಿ ಟ್ರಾನ್ಸ್‌ಪೋರ್ಟ್ ಕೆಲಸದಲ್ಲಿ ಹುಬ್ಬಳ್ಳಿ ಕಡೆ, ತಿಂಗಳಿಗೆ ಎರಡು ಸಲ ಬಂದು ಹೋಗುವವರು. ಬೀದಿಯವರೆಲ್ಲ ಈಕೆಯನ್ನು ರೊಟ್ಟಿ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಬರ್ರಿ ತಂಗಿ, ಒಳಗ ಬರ್ರಿ. ಮುಖ ಯಾಕ ಹಂಗ ಮಾಡೀರಿ? ಬಿಸಿಲಿಗೆ ತಲಿ ನೋಯಾಕತ್ತೈತೇನ?"

ನಾನು ಹೂಂ ಅಂದೆ. ಬೇರೆ ಏನು ಹೇಳಲಿ? ಅವರು ಒಂದು ತಟ್ಟೆಯಲ್ಲಿ ರೊಟ್ಟಿ, ಹಿಂಡಿ, ಮೇಲೊಂದು ಹನಿ ಎಣ್ಣೆ ಹಾಕಿ ತಂದಿಟ್ಟರು. ತಿನ್ನಲಾಗಲಿಲ್ಲ. ಕಾಗದದಲ್ಲಿ ಕಟ್ಟಿಸಿಕೊಂಡು, ಮನೆಗೆ ಹೋಗಿ ತಿಂದೆ. ಅಷ್ಟು ಒಳ್ಳೆಯ ರೊಟ್ಟಿಯನ್ನು ನಾನು ಬೆಂಗಳೂರಿನಲ್ಲಿ ತಿಂದಿರಲಿಲ್ಲ.

ಮಾರುವ ಕಾರಣವನ್ನು ಅವರೇ ಹೇಳಿದರು. ಹಾಸ್ಟೆಲ್‌ಗಳಿಗೆ ಊಟ ಒದಗಿಸುವ ಕಾಂಟ್ರ್ಯಾಕ್ಟರ್ ಒಬ್ಬರು ರೊಟ್ಟಿ ತಿಂದು ಮೆಚ್ಚಿ, ದಿನವೂ ಬೇಕು ಎಂದು ಮಾತಾಡಿ, ಅಡುಗೆಮನೆ ನೋಡಲು ಬಂದಿದ್ದರಂತೆ. ಗೇಟಿನಲ್ಲೇ ನಿಂತು, "ಜಾಗ ಬದಲಾಯಿಸಿ, ಆಮೇಲೆ ನೋಡೋಣ" ಎಂದು ವಾಪಸ್ಸು ಹೋದರಂತೆ. "ಮೋರಿ ಕಾಣಸ್ತದಲ್ರೀ, ಅದಕ್ಕ" ಎಂದರು ಅಕ್ಕ. ಸುಂಕದಕಟ್ಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವ ಒಂದು ಜಾಗ ಅವರಿಗೆ ಸಿಕ್ಕಿತ್ತು. ಅದರ ಮಾಲೀಕರು ಹಳೇ ಗಿರಾಕಿ. ಶಾಲೆ ಶುರುವಾಗುವವರೆಗೆ ಬೇರೆಯವರಿಗೆ ಕೊಡದೆ ಕಾಯುತ್ತೇನೆ ಎಂದಿದ್ದರು. ಅಷ್ಟರೊಳಗೆ ಈ ಮನೆ ಹೋಗದಿದ್ದರೆ ಆ ಅಂಗಡಿಯೂ ಇಲ್ಲ, ಹಾಸ್ಟೆಲ್ ರೊಟ್ಟಿಯೂ ಇಲ್ಲ.

"ವಾಸನೆ ಬಗ್ಗೆ ಯಾರೂ ಏನೂ ಹೇಳಿಲ್ವಾ ಅಕ್ಕ?"

"ವಾಸನೀ? ಒಂದೊಂದ ದಿನ ಬರ್ತೈತ್ರಿ, ಸ್ವಲ್ಪ. ಎಲ್ಲಾ ಕಡೀನೂ ಇರ್ತೈತಲ್ಲ."

ಹನ್ನೊಂದು ವರ್ಷ ಅಲ್ಲೇ ಇದ್ದು ಅವರ ಮೂಗಿಗೆ ಅದು ಗೊತ್ತಾಗುವುದೇ ನಿಂತುಹೋಗಿತ್ತು. ನಟನೆ ಅಲ್ಲ, ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಫೋಟೊ ಕೆಲಸ ಶುರು ಮಾಡಿದೆ. ಚಪ್ಪಲಿ ಸ್ಟ್ಯಾಂಡು, ಸಿಲಿಂಡರು, ಒಣಹಾಕಿದ ಬಟ್ಟೆ ಎಲ್ಲ ಪಕ್ಕಕ್ಕೆ. ಹಗಲಲ್ಲೂ ಎಲ್ಲ ಲೈಟು ಹಾಕಬೇಕು. ಕ್ಯಾಮೆರಾ ಎದೆಯ ಎತ್ತರಕ್ಕಿಂತ ಮೇಲೆ ಹೋಗಬಾರದು, ಹೋದರೆ ನೆಲವೇ ಜಾಸ್ತಿ ಕಂಡು ಕೋಣೆ ಕುಗ್ಗುತ್ತದೆ. ಮೂಲೆಗೆ ಬೆನ್ನು ಕೊಟ್ಟು ನಿಂತು ತೆಗೆದರೆ ಹತ್ತಡಿಯ ಕೋಣೆ ಹದಿನಾಲ್ಕು ಅಡಿ ಕಾಣುತ್ತದೆ. ಮೊದಲ ಫೋಟೊ ನೋಡಿಯೇ ಜನ ನಿಲ್ಲುವುದು ಅಥವಾ ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುವುದು, ಆದ್ದರಿಂದ ಅತಿ ಒಳ್ಳೆಯದನ್ನೇ ಮೊದಲಿಗೆ ಇಡಬೇಕು. ನಾನು ತಾರಸಿಗೆ ಹೋಗಿ, ಗೋಡೆಗೆ ಒರಗಿ ಕೂತು, ಆಚೆ ದಡದ ತೆಂಗಿನಮರಗಳು ಮತ್ತು ಆಕಾಶ ಮಾತ್ರ ಬರುವ ಹಾಗೆ ತೆಗೆದೆ. ಮೋರಿಯ ಒಂದು ಹನಿಯೂ ಕಾಣದು. ಕೇರಳದ ಯಾವುದೋ ಹಿನ್ನೀರಿನ ದಡದಂತಿತ್ತು. ತೆಗೆದವಳು ನಾನೇ, ಆದರೂ ನೋಡಿ ಅಸಹ್ಯವಾಯಿತು. ಅದನ್ನೇ ಮೊದಲಿಗೆ ಹಾಕಿದೆ.

ಇಪ್ಪತ್ತು ಮೂವತ್ತರ ಸೈಟು, ಉತ್ತರ ದಿಕ್ಕಿಗೆ ಒಂದು ಕೋಣೆ, ಕಾವೇರಿ ನೀರು, ಬೋರ್‌ವೆಲ್, ಖಾತೆ ಸರಿ, ಮೆಟ್ರೋಗೆ ಏಳು ನಿಮಿಷ. ಆ ಏಳು ನಿಮಿಷ ಬ್ರೋಕರ್ ಸಾರ್ ಲೆಕ್ಕ. ಮಧ್ಯರಾತ್ರಿ ಖಾಲಿ ರಸ್ತೆಯಲ್ಲಿ ಬೈಕ್ ಓಡಿಸಿದರೂ ಏಳು ನಿಮಿಷಕ್ಕೆ ಆಗುವುದಿಲ್ಲ.

ಫೋನುಗಳು ಬಂದವು, ಜನರೂ ಬಂದರು. ತಿರುವಿನಲ್ಲಿ ಕಾರು ನಿಧಾನವಾಗುತ್ತಿತ್ತು, ಗಾಜು ಮೇಲೇರುತ್ತಿತ್ತು. ಕೆಲವರು ಇಳಿಯಲೇ ಇಲ್ಲ. ಇಳಿದವರು ಕರವಸ್ತ್ರ ಮೂಗಿಗೆ ಹಿಡಿದು, ಐದು ನಿಮಿಷದಲ್ಲಿ ಮೂರು ಕೋಣೆ ನೋಡಿ, "ಮನೇಲಿ ಕೇಳಿ ಹೇಳ್ತೀವಿ" ಎಂದು ಹೊರಟರು. ಬ್ರೋಕರ್ ಸಾರ್ ಎರಡು ರೂಮ್ ಫ್ರೆಶ್ನರ್ ಡಬ್ಬಿ ತಂದು ಬಾಗಿಲ ಹಿಂದೆ ಇಟ್ಟರು. ಯಾರಾದರೂ ಬರುತ್ತಾರೆಂದರೆ ಅಕ್ಕ ಸಾಂಬ್ರಾಣಿ ಹಾಕುತ್ತಿದ್ದರು. ಮೋರಿ, ಸಾಂಬ್ರಾಣಿ, ಲ್ಯಾವೆಂಡರ್ ಮೂರೂ ಬೆರೆತ ಆ ವಾಸನೆಯನ್ನು ನೆನೆದರೆ ಈಗಲೂ ನನಗೆ ಬಾಯಲ್ಲಿ ನೀರು ಬರುತ್ತದೆ, ವಾಂತಿಗೆ ಮೊದಲು ಬರುವ ನೀರು.

"ಯಾಕ್ರೀ ಎಲ್ಲಾರೂ ಓಡ್ತಾರ?" ಎಂದು ಅಕ್ಕ ಒಂದು ದಿನ ಕೇಳಿದರು. "ಮನಿ ನಾ ಚೊಕ್ಕ ಇಟ್ಟೀನಲ್ಲ?"

ಮನೆ ನಿಜಕ್ಕೂ ಕನ್ನಡಿಯಂತಿತ್ತು. ನಾನು ಏನೋ ಹೇಳಿ ಜಾರಿಕೊಂಡೆ.

ಏಪ್ರಿಲ್‌ನಲ್ಲಿ ಒಂದು ಸಂಜೆ ಜೋರು ಮಳೆ ಹೊಡೆಯಿತು. ಮಾರನೇ ಬೆಳಿಗ್ಗೆ ಬ್ರೋಕರ್ ಸಾರ್ ಉತ್ಸಾಹದಿಂದ ಫೋನ್ ಮಾಡಿದರು. "ಮೇಡಂ, ಮೋರಿ ತೊಳೆದು ಹೋಗಿರುತ್ತೆ. ಇವತ್ತು ವಾಸನೆ ಇರಲ್ಲ. ಪೆಂಡಿಂಗ್ ಇರೋರನ್ನೆಲ್ಲಾ ಇವತ್ತೇ ಕರೀರಿ." ನಾನು ಕರೆದೆ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ, "ಇವತ್ತೇ ಬಂದ್ರೆ ಒಳ್ಳೇದು, ಬೇರೆಯವರು ನೋಡ್ತಿದ್ದಾರೆ" ಎಂದೆ. ಬಂದವರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಅವನ ಹೆಂಡತಿ ಮನೆ ಮೆಚ್ಚಿದರು, ಅಲ್ಲೇ ಟೋಕನ್ ಹಣ ಕೊಟ್ಟರು. ಅಕ್ಕ ಅವರ ಕೈಗೆ ಎರಡು ಕಟ್ಟು ರೊಟ್ಟಿ ಕೊಟ್ಟು ಕಳಿಸಿದರು.

ಮುಂದಿನ ಭಾನುವಾರ ಬೆಳಿಗ್ಗೆ ಏಳೂವರೆಗೆ ಆ ಹುಡುಗ ತನ್ನ ತಂದೆ ತಾಯಿಯನ್ನು ಕರೆದುಕೊಂಡು ಬಂದ. ಮಳೆ ನಿಂತು ನಾಲ್ಕು ದಿನವಾಗಿತ್ತು. ಆ ತಾಯಿ ಗೇಟಿನ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು, ಆಮೇಲೆ ತಡೆಯಲಾಗದೆ ಅಲ್ಲೇ ಕಕ್ಕಿಕೊಂಡರು. ಅಕ್ಕ ನೀರು ತಂದು ಅವರ ಬೆನ್ನು ಸವರುತ್ತಾ, "ಪಿತ್ತ ಆಗೈತೇನ್ರಿ ಅಮ್ಮಾರ?" ಎನ್ನುತ್ತಿದ್ದರು. ತಂದೆ ನನ್ನ ಕಡೆ ತಿರುಗಿದರು.

"ಫೋಟೊ ತೆಗೆದಿದ್ದು ನೀವೇನಾ?"

"ಹೌದು ಸಾರ್."

"ಈ ಗೋಡೆ ಆಚೆ ಏನಿದೆ ಅಂತ ನಿಮಗೆ ಗೊತ್ತಿರಲಿಲ್ವಾ? ಮಳೆ ಬಿದ್ದ ಮಾರನೇ ದಿನ ಕರೆಸಿದ್ದೀರಲ್ಲ, ನಾಚಿಕೆ ಆಗಲಿಲ್ವೇನಮ್ಮಾ?"

ನಾಚಿಕೆ ಆಗಿತ್ತು. ಟೋಕನ್ ವಾಪಸ್ಸು ಹೋಯಿತು. ಬ್ರೋಕರ್ ಸಾರ್ ಮಾತ್ರ, "ಭಾನುವಾರ ಬೆಳಿಗ್ಗೆ ಯಾಕೆ ಬಿಟ್ರಿ ಅವರನ್ನ?" ಎಂದು ನನ್ನನ್ನೇ ಬೈದರು. ಆ ದಿನ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದೆ. ಎರಡು ಸಲ ಸೋಪು ಹಾಕಿದರೂ ಕೂದಲಿನಲ್ಲಿ ಅದು ಇದ್ದಂತೆಯೇ ಅನಿಸಿತು.

ಮರುದಿನ ಸಾರ್ ಎದುರು ಕೂತು, "ಈ ಮನೆಯ ವಾಸನೆಯನ್ನು ಬರೆದೇ ಹಾಕ್ತೀನಿ" ಎಂದೆ. ಯಾವ ಹೊತ್ತಿಗೆ ಎಷ್ಟು, ಯಾವ ಕೋಣೆಯಲ್ಲಿ ಎಷ್ಟು, ಎಲ್ಲ. ತಿಳಿದು ಬರುವವರು ಮಾತ್ರ ಬರಲಿ. ಸಾರ್ ನಕ್ಕರು. ಆಮೇಲೆ ಕೈ ಝಾಡಿಸಿ, "ಹೇಗೂ ಹೋಗ್ತಾ ಇಲ್ಲ, ಏನಾದ್ರೂ ಮಾಡ್ಕೊಳ್ಳಿ" ಎಂದರು.

ಒಂದು ನೋಟ್‌ಬುಕ್ ತೆಗೆದುಕೊಂಡೆ. ಬೆಳಿಗ್ಗೆ ಏಳು, ಹತ್ತು, ಮಧ್ಯಾಹ್ನ ಒಂದು, ಸಂಜೆ ನಾಲ್ಕು, ಏಳು. ಪ್ರತಿ ಹೊತ್ತಿಗೂ ತಾರಸಿ, ಹಾಲ್, ಅಡುಗೆಮನೆ, ಉತ್ತರದ ಕೋಣೆ. ಅಂಕ ಕೊಡುವ ಕ್ರಮವನ್ನು ನಾನೇ ಮಾಡಿಕೊಂಡೆ. ಏನೂ ಇಲ್ಲದಿದ್ದರೆ ಸೊನ್ನೆ, ಹುಡುಕಿದರೆ ಸಿಗುವಂತಿದ್ದರೆ ಒಂದು, ಮಾತು ನಿಲ್ಲುವಷ್ಟಿದ್ದರೆ ಎರಡು, ಕೈ ತಾನಾಗಿ ಮೂಗಿಗೆ ಹೋದರೆ ಮೂರು, ಹೊಟ್ಟೆ ತೊಳಸಿದರೆ ನಾಲ್ಕು. ಅಕ್ಕನಿಗೆ, "ಗಾಳಿ ಬೆಳಕು ಅಳೀತಾ ಇದೀನಿ" ಎಂದು ಸುಳ್ಳು ಹೇಳಿ ತಾರಸಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೆ.

ಮೊದಲ ದಿನ ತಾರಸಿಯಲ್ಲಿ ಎಲ್ಲ ಹೊತ್ತಿಗೂ ಮೂರು, ನಾಲ್ಕು. ಬೆಳಗಿನ ಏಳು ಗಂಟೆ ಅತಿ ಕೆಟ್ಟದ್ದು. ಇಡೀ ಊರು ಎದ್ದು ಸ್ನಾನ ಶೌಚ ಮುಗಿಸಿದ್ದೆಲ್ಲ ಆ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಬಂದು ಮುಟ್ಟುತ್ತಿತ್ತು. ಮೋರಿ ನೊರೆ ಉಗುಳುತ್ತಿತ್ತು. ಉತ್ತರದ ಕೋಣೆಯ ಕಿಟಕಿ ಆ ಕಡೆಗಿಲ್ಲದ್ದರಿಂದ ಅಲ್ಲಿ ಮಾತ್ರ ಒಂದು, ಹೆಚ್ಚೆಂದರೆ ಎರಡು. ಎರಡನೇ ದಿನ, ಮೂರನೇ ದಿನ ಹೀಗೇ ಹೋಯಿತು. ನಾಲ್ಕನೇ ದಿನ ಹಾಲ್‌ನಲ್ಲಿ ಎರಡು ಬರೆದೆ. ಐದನೇ ದಿನ ಒಂದು. ಪರವಾಗಿಲ್ಲ, ಗಾಳಿ ತಿರುಗಿರಬೇಕು ಎಂದುಕೊಂಡೆ.

ಆರನೇ ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿ ಪುಳಿಯೋಗರೆ ತಿಂದೆ. ಕಡಲೆಬೀಜ ಆರಿಸಿ ಆರಿಸಿ, ಕೊನೆಗೆ ಬೆರಳು ನೆಕ್ಕಿದೆ. ಆಗ ಕೆಳಗೆ ನೋಡಿದರೆ ನೊರೆಯ ಮೇಲೆ ಹೊಟ್ಟೆಯುಬ್ಬಿದ ಒಂದು ಹೆಗ್ಗಣ ತೇಲಿ ಹೋಗುತ್ತಿತ್ತು. ನಾನು ಆ ತಾರಸಿಯಲ್ಲಿ, ಆ ಮೋರಿಗೆ ಮುಖ ಮಾಡಿ ಕೂತು, ಚಪ್ಪರಿಸಿ ಊಟ ಮಾಡಿದ್ದೆ. ಮೊದಲ ದಿನ ರೊಟ್ಟಿ ಮುಟ್ಟಲಾಗದವಳು. ನನ್ನ ಮೇಲೆ ನನಗೇ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಗಾಳಿ ತಿರುಗಿರಲಿಲ್ಲ, ನನ್ನ ಮೂಗು ಸುಮ್ಮನಾಗಿತ್ತು ಅಷ್ಟೆ. ನಾಲ್ಕನೇ ದಿನದಿಂದ ಬರೆದ ಅಂಕಗಳೆಲ್ಲ ಸುಳ್ಳು. ಸಾರ್‌ಗೆ ಹೇಳಿದರೆ ಅವರ ಕಣ್ಣು ಅರಳಿತು. "ಸೂಪರ್ ಮೇಡಂ! 'ಆರೇ ದಿನಕ್ಕೆ ಅಭ್ಯಾಸ ಆಗುತ್ತೆ' ಅಂತ ಹಾಕಿ. ಒಳ್ಳೇ ಪಾಯಿಂಟು!"

ನಾನು ಆ ಹಾಳೆಗಳನ್ನು ಹರಿದೆ. ಹೊಸದಾಗಿ ಮತ್ತೆ ಶುರು ಮಾಡಬೇಕು. ಈ ಸಲ ಪ್ರತಿ ಅಂಕಕ್ಕೂ ಮೊದಲು ಅರ್ಧ ಗಂಟೆ ಹೊರಗಿರಬೇಕು. ಮುಖ್ಯರಸ್ತೆಯ ದರ್ಶಿನಿಯಲ್ಲಿ ಕಾಫಿ ಕುಡಿದು ಬಂದು, ಬಾಗಿಲು ತೆರೆದ ಮೊದಲ ಉಸಿರಿಗೇ ಬರೆದು, ಮತ್ತೆ ಹೊರಗೆ. ಇದನ್ನು ಅಕ್ಕನಿಂದ ಮುಚ್ಚಿಡಲು ಆಗದು ಎಂದು ಎಲ್ಲವನ್ನೂ ಹೇಳಿದೆ. ಬರೆಯಬೇಕೆಂದಿದ್ದ ಜಾಹೀರಾತನ್ನೂ ಓದಿ ಹೇಳಿದೆ.

ಅವರ ಮುಖ ಕೆಂಪಾಯಿತು. ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಬಡಿದರು.

"ನನ್ನ ಮನಿ ಹೊಲಸು ನಾರ್ತೈತಿ ಅಂತ ಊರಿಗೆಲ್ಲಾ ಡಂಗುರ ಹೊಡೀತೀರೇನ? ನಾ ಇಲ್ಲಿ ಜನಕ್ಕ ತಿನ್ನೂದ ಮಾಡ್ತೀನ್ರಿ! ನಾಳೆ ಯಾರ ನನ್ನ ರೊಟ್ಟಿ ಮುಟ್ತಾರ?"

"ಹೇಳದಿದ್ರೆ ಮನೆ ಹೋಗಲ್ಲ ಅಕ್ಕ."

"ಹೋಗದಿದ್ರ ಬಿಡ್ಲಿ. ಹನ್ನೊಂದು ವರ್ಷ ಯಾವ ಗಿರಾಕೀನೂ ನಾತ ಅಂದಿಲ್ಲ. ನಿಮ್ಮ ಮೂಗಿನ್ಯಾಗ ಏನರ ಕೆಟ್ಟೈತಿ, ಡಾಕ್ಟರ್‌ಗೆ ತೋರಸ್ರಿ."

ಅವರು ಹೇಳಿದ್ದರಲ್ಲಿ ಒಂದು ಮಾತು ನಿಜವಾಗಿತ್ತು. ಗಿರಾಕಿಗಳಿಗೆ ಆ ಮನೆ ಗೊತ್ತು. ಜಾಹೀರಾತು ಒಬ್ಬರ ಫೋನಿಗೆ ಬಂದರೆ ಸಾಕು, ಇರುವ ರೊಟ್ಟಿ ವ್ಯಾಪಾರವೂ ನಿಲ್ಲುತ್ತದೆ. ಕೊನೆಗೆ ಒಪ್ಪಂದ ಆಯಿತು: ಅಳೆಯುವುದಾದರೆ ಅಳೆಯಬಹುದು, ಅವರು ಹೂಂ ಅನ್ನದೆ ಒಂದು ಅಕ್ಷರವೂ ಹೊರಗೆ ಹೋಗಬಾರದು. ಅಕ್ಕನ ತಮ್ಮನ ಮಗಳ ಮದುವೆ ಗದಗಿನಲ್ಲಿತ್ತು. ರೊಟ್ಟಿ ಕೆಲಸ ನಿಲ್ಲಿಸಿ, ಬೀಗದ ಕೈ ನನಗೆ ಕೊಟ್ಟು, ಸಿಟ್ಟಿನಲ್ಲೇ ಊರಿಗೆ ಹೊರಟರು.

ಐದು ದಿನ ಹೊರಗೆ ಒಳಗೆ ಓಡಾಡಿದೆ. ದರ್ಶಿನಿಯವನು, "ಏನ್ ಮೇಡಂ, ದಿನಕ್ಕೆ ಐದು ಕಾಫಿ?" ಎಂದು ನಗುತ್ತಿದ್ದ. ಹೊಸ ಅಂಕಗಳು ಹಳೆಯವಕ್ಕಿಂತ ಕೆಟ್ಟದಾಗಿದ್ದವು. ಹಾಲ್ ಬೆಳಿಗ್ಗೆ ನಾಲ್ಕು, ಅಡುಗೆಮನೆ ಮೂರು.

ಆರನೇ ಬೆಳಿಗ್ಗೆ ಏಳು ಗಂಟೆಯ ಅಂಕ ಬರೆದು ಗೇಟಿನ ಹತ್ತಿರ ಬರುತ್ತಿದ್ದೆ. ಅಕ್ಕ ರೈಲಿಳಿದು ಆಟೋದಲ್ಲಿ ಬಂದರು. ಬ್ಯಾಗು ಕೆಳಗಿಟ್ಟು ಆಟೋದವನಿಗೆ ಚಿಲ್ಲರೆ ಕೊಡುತ್ತಿದ್ದವರು ಹಾಗೇ ನಿಂತರು. ಸೆರಗು ಮೂಗಿಗೆ ಹೋಯಿತು. ತಾನಾಗಿಯೇ ಹೋಯಿತು.

"ಮೋರ್ಯಾಗ ಏನರ ಸತ್ತೈತೇನ್ರಿ ಇವತ್ತ?"

"ಇಲ್ಲ ಅಕ್ಕ. ದಿನಾ ಹೀಗೇ."

"ದಿನಾ?"

ನಾನು ನೋಟ್‌ಬುಕ್ ಕೊಟ್ಟೆ. ಅವರು ಗೇಟಿನ ಮೆಟ್ಟಿಲ ಮೇಲೆ, ಅಂದು ಆ ತಾಯಿ ಕೂತಿದ್ದಲ್ಲೇ ಕೂತು, ಪುಟ ಪುಟ ತಿರುವಿ ನೋಡಿದರು. ಆಮೇಲೆ ಒಳಗೆ ಹೋಗಿ, ರೊಟ್ಟಿಯ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು ಮುಖ ಒಳಗಿಟ್ಟು ಮೂಸಿದರು.

"ಇದರಾಗ ಬಂದೈತೇನ್ರಿ? ಖರೇ ಹೇಳ್ರಿ."

ನಾನೂ ಮೂಸಿದೆ. ಜೋಳ, ಎಳ್ಳು ಅಷ್ಟೆ. "ಇಲ್ಲ ಅಕ್ಕ, ದೇವರಾಣೆಗೂ ಇಲ್ಲ." ಅವರು ನಂಬಲಿಲ್ಲ. ಡಬ್ಬಿಯಲ್ಲಿದ್ದ ರೊಟ್ಟಿ ಎಲ್ಲವನ್ನೂ ಗೋಣಿಚೀಲಕ್ಕೆ ಸುರಿದರು. ಆ ವಾರ ಆರ್ಡರ್ ಕೊಟ್ಟವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಆಗುವುದಿಲ್ಲ ಎಂದರು. ಕೊನೆಯ ಫೋನ್ ಮುಗಿಸಿ ನನ್ನ ಕಡೆ ನೋಡದೆ ಹೇಳಿದರು.

"ಬರೀರಿ. ಎಲ್ಲಾ ಬರೀರಿ."

ಬರೆದೆ. ಮೊದಲ ಫೋಟೊ ಮೋರಿಯದೇ, ನೊರೆ ಸಮೇತ, ಬೆಳಗಿನ ಏಳು ಗಂಟೆಯದು. ಅದರ ಕೆಳಗೆ: "ಈ ಮನೆಯ ಎದುರು ರಸ್ತೆ, ರಸ್ತೆಯಾಚೆ ಕೊಳಚೆ ಹರಿಯುವ ದೊಡ್ಡ ಮೋರಿ ಇದೆ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಹಾಲ್‌ನಲ್ಲಿ ವಾಸನೆ ತಡೆಯಲಾಗದಷ್ಟು ಇರುತ್ತದೆ. ಮಧ್ಯಾಹ್ನ ಸ್ವಲ್ಪ ಇಳಿಯುತ್ತದೆ, ಸಂಜೆ ಮತ್ತೆ ಏರುತ್ತದೆ. ಉತ್ತರದ ಕೋಣೆಯಲ್ಲಿ ಕಿಟಕಿ ಮುಚ್ಚಿದರೆ ಹೆಚ್ಚಿನ ಹೊತ್ತು ಇರುವುದಿಲ್ಲ. ಜೋರು ಮಳೆ ಬಂದ ಮೇಲೆ ಒಂದೆರಡು ದಿನ ಕಡಿಮೆ, ಆ ದಿನ ನೋಡಿ ತೀರ್ಮಾನ ಮಾಡಬೇಡಿ. ಅಲ್ಲೇ ಕೆಲವು ದಿನ ಇದ್ದವರಿಗೆ ವಾಸನೆ ಗೊತ್ತಾಗುವುದು ನಿಲ್ಲುತ್ತದೆ, ಬರುವ ನೆಂಟರಿಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಏಳಕ್ಕೆ ಬಂದು ನೋಡಿ." ಅದರ ಕೆಳಗೆ ಕೋಣೆವಾರು ಪಟ್ಟಿ. ಮನೆ ಮೋರಿ ಜಾಗದ ಒತ್ತುವರಿ ಅಲ್ಲವೆಂದು ತೋರಿಸಲು ಮೋರಿ ಗೋಡೆಯಿಂದ ಅಕ್ಕನ ಗೇಟಿಗೆ ಟೇಪ್ ಹಿಡಿದು ಅಳೆದ ಅಳತೆ, ನಕ್ಷೆಗೆ ಮಂಜೂರಾತಿ ಸಿಕ್ಕ ಪತ್ರ. ಮೆಟ್ರೋಗೆ ಇಪ್ಪತ್ತೆರಡು ನಿಮಿಷ. ಕೊನೆಗೆ ಮನೆಯ ಒಳ್ಳೆಯ ಸಂಗತಿಗಳು. ಅವೂ ನಿಜವೇ ಆಗಿದ್ದವು.

ಸಾರ್ ತಲೆ ಚಚ್ಚಿಕೊಂಡರು. ಮೊದಲ ವಾರ ಬಂದ ಫೋನುಗಳೆಲ್ಲ ಗೇಲಿಯವು. "ಏನ್ ಗುರು, ಮೋರಿ ಫ್ರೀನಾ?" ಎಂದು ಯಾರೋ ಹುಡುಗರು. ನಮ್ಮ ಜಾಹೀರಾತನ್ನು ಯಾರೋ ವಾಟ್ಸಾಪ್‌ನಲ್ಲಿ ಹರಿಬಿಟ್ಟು, ಅದು ತಿರುಗಿ ನನ್ನ ಅತ್ತಿಗೆಯ ಫೋನಿಗೇ ಬಂತು. ಅಕ್ಕ ಹೆದರಿದ್ದಂತೆಯೇ ಹಳೇ ಗಿರಾಕಿಗಳಲ್ಲಿ ಕೆಲವರು ಫೋನ್ ಎತ್ತಲಿಲ್ಲ. ಶಾಲೆ ಶುರುವಾಗಲು ಮೂರು ವಾರ ಉಳಿದಿತ್ತು. ಅಷ್ಟರಲ್ಲಿ ಇನ್ನೊಂದಾಯಿತು. ಒಂದು ಬೆಳಿಗ್ಗೆ ಅಕ್ಕ ಗಾಬರಿಯಿಂದ ನನ್ನ ಕೈ ಹಿಡಿದು, "ಇವತ್ತ ಕಡಿಮಿ ಐತಿ, ಅಲ್ರೀ?" ಎಂದರು. ಏಳು ಗಂಟೆ. ನನ್ನ ಮೂಗಿಗೆ ನಾಲ್ಕು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಕೈ ಬಿಟ್ಟು ಒಳಗೆ ಹೋದರು.

ಒಂದು ಮಂಗಳವಾರ ಆರೂವರೆಗೆ ಗಂಡ ಹೆಂಡತಿ ಇಬ್ಬರು ಬಂದರು. ಗಂಡನದು ಜೆರಾಕ್ಸ್ ಅಂಗಡಿ, ಆಕೆ ನರ್ಸರಿ ಶಾಲೆಯ ಟೀಚರ್. ಕೈಯಲ್ಲಿ ನಮ್ಮ ಪಟ್ಟಿಯ ಪ್ರಿಂಟ್. ಕೋಣೆ ಕೋಣೆಗೂ ಹೋಗಿ ಉಸಿರೆಳೆದು, ಪಟ್ಟಿ ನೋಡಿ, ಮತ್ತೆ ಉಸಿರೆಳೆದು, ಕೊನೆಗೆ ಆಕೆ ಸಂಕೋಚದಿಂದ ಹೇಳಿದರು.

"ಮೇಡಂ, ನಮಗೆ ಏನೂ ಗೊತ್ತಾಗ್ತಾ ಇಲ್ಲ. ನಾವು ಇದೇ ಮೋರಿ ಪಕ್ಕ, ನೀರು ಬರೋ ಕಡೆಗೆ ಸ್ವಲ್ಪ ಮೇಲೆ, ಬಾಡಿಗೆ ಮನೇಲಿ ಏಳು ವರ್ಷದಿಂದ ಇದೀವಿ. ನಮ್ಮ ಓನರ್ ಒಂದು ಮಾತೂ ಹೇಳಿರಲಿಲ್ಲ. ನೆಂಟರು ಯಾಕೆ ಬರೋದು ನಿಲ್ಸಿದ್ರು ಅಂತ ನಿಮ್ಮ ಪಟ್ಟಿ ಓದಿದ ಮೇಲೇ ಗೊತ್ತಾಗಿದ್ದು."

"ಗೊತ್ತಾದ ಮೇಲೂ ಇಲ್ಲೇ ಯಾಕೆ?" ಎಂದೆ. ಹಾಗೆ ಕೇಳುವುದು ನನ್ನ ಕೆಲಸವಲ್ಲ.

ಗಂಡ ನಕ್ಕರು. "ನಮ್ಮ ಕೈಗೆ ಎಟುಕೋದು ಮೋರಿ ಪಕ್ಕದ್ದೇ ಮೇಡಂ. ಬಾಡಿಗೆ ಕಟ್ಟಿ ಮೂಗು ಮುಚ್ಕೊಳ್ಳೋ ಬದಲು ಸ್ವಂತ ಮನೇಲಿ ಮುಚ್ಕೋತೀವಿ. ಈ ಮನೇಲಿ ಆ ಉತ್ತರದ ರೂಮಾದರೂ ಇದೆ. ಮಗು ಅಲ್ಲಿ ಮಲಗುತ್ತೆ."

ಅಕ್ಕ ಬೆಲೆ ಇಳಿಸಿದರು, ಅವರು ಚೌಕಾಸಿ ಮಾಡಲಿಲ್ಲ. ಅವರ ವಕೀಲರು ನಕ್ಷೆ, ಮೋರಿಯ ಅಳತೆ ಎಲ್ಲ ಎರಡು ಸಲ ತಿರುವಿ ನೋಡಿದರು. ಶಾಲೆ ತೆರೆಯುವ ವಾರ ನೋಂದಣಿ ಆಯಿತು. ನನಗೆ ಗೆದ್ದೆ ಎಂದು ಅನಿಸಲಿಲ್ಲ. ಒಂದು ಮನೆಯವರನ್ನು ಆ ನಾತದಿಂದ ಬಿಡಿಸಿ ಇನ್ನೊಂದು ಮನೆಯವರನ್ನು ಅಲ್ಲೇ ಕೂರಿಸಿದ್ದೆ. ಸುಳ್ಳು ಹೇಳಿರಲಿಲ್ಲ ಎಂಬುದಷ್ಟೇ ಉಳಿದದ್ದು.

ಜುಲೈನಲ್ಲಿ ಆಫೀಸಿಗೆ ಹೋದರೆ ಬ್ರೋಕರ್ ಸಾರ್ ಕಂಪ್ಯೂಟರ್ ಮುಂದೆ ಕೂತು, ಮಾರೇನಹಳ್ಳಿಯ ಒಂದು ಮನೆಗೆ ಪಟ್ಟಿ ಮಾಡುತ್ತಿದ್ದರು. ಆ ಮನೆಯ ನೆಲಮಹಡಿಯ ಗೋಡೆಗಳಲ್ಲಿ ಇಡೀ ಮಳೆಗಾಲ ನೀರು ಜಿನುಗುತ್ತದೆ ಎಂದು ನನಗೆ ಗೊತ್ತಿತ್ತು. "ಬೆಳಿಗ್ಗೆ ಹತ್ತು ನಿಮಿಷ ಪಕ್ಕದ ಹೋಟೆಲಿನ ಒಗ್ಗರಣೆ ವಾಸನೆ ಬರುತ್ತದೆ, ಮುಚ್ಚುಮರೆ ಇಲ್ಲ" ಎಂದು ಬರೆದಿದ್ದರು. ಗೋಡೆಯ ಸುದ್ದಿಯೇ ಇಲ್ಲ.

"ನಿಮ್ಮ ಐಡಿಯಾನೇ ಮೇಡಂ. ಸಣ್ಣದೊಂದು ಹೇಳಿಬಿಟ್ರೆ ಜನ ಉಳಿದಿದ್ದನ್ನ ನಂಬ್ತಾರೆ" ಎಂದರು, ಸಂತೋಷದಿಂದ.

ಅವರ ಎದುರಿನ ಟೀಪಾಯಿ ಮೇಲೆ ನನ್ನ ನೋಟ್‌ಬುಕ್ ಇತ್ತು. ಅದನ್ನು ಎತ್ತಿಕೊಂಡು ಕೆಳಗಿಳಿದೆ. ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ.

ಸುಂಕದಕಟ್ಟೆಗೆ ಬರಲು ಅಕ್ಕ ನಾಲ್ಕು ಸಲ ಫೋನ್ ಮಾಡಿದ್ದರು. ಒಂದು ಶನಿವಾರ ಹೋದೆ. ಮುಂದೆ ಅಂಗಡಿ, ಕಪಾಟಿನಲ್ಲಿ ರೊಟ್ಟಿಯ ಕಟ್ಟುಗಳು, ಒಳಗೆ ಇಬ್ಬರು ಹೆಂಗಸರು ರೊಟ್ಟಿ ಬಡಿಯುವ ಪಟಪಟ ಸದ್ದು. ಹಾಸ್ಟೆಲ್ಲಿಗೂ ಹೋಗುತ್ತಿತ್ತಂತೆ. ನನ್ನನ್ನು ಕಂಡ ಕೂಡಲೇ ಅಕ್ಕ ಎದ್ದು ಬಂದರು, ಆದರೆ ಕೂರಿಸಲಿಲ್ಲ. ಬಾಗಿಲಲ್ಲೇ ನಿಲ್ಲಿಸಿದರು.

"ತಂಗಿ, ಇಲ್ಲಿ ಏನರ ವಾಸನಿ ಬರ್ತೈತೇನ? ಖರೇ ಹೇಳು."

"ಏನೂ ಇಲ್ಲ ಅಕ್ಕ. ರೊಟ್ಟಿ ಸುಟ್ಟ ಘಮ ಅಷ್ಟೆ."

"ನನಗೂ ಇಲ್ಲ ಅನಸ್ತೈತಿ. ಅದಕ್ಕ ಹೆದರಿಕಿ. ಹೊಸಾ ಗಿರಾಕಿ ಬಂದಾಗೆಲ್ಲ ಕೇಳ್ತೀನಿ, ಹುಚ್ಚಿ ಅಂತಾರ." ಅವರ ಧ್ವನಿ ತಗ್ಗಿತು. "ಹನ್ನೊಂದು ವರ್ಷ ಅಲ್ಲಿ ಕುಂತ ಜನಕ್ಕ ತಿನ್ನಾಕ ಕೊಟ್ಟೀನಲ್ಲ. ಯಾರರ ಒಬ್ಬರು ನನಗ ಹೇಳಬಾರದಿತ್ತೇನ?"

ಮೊದಲ ದಿನ ಅವರು ಕೊಟ್ಟ ತಟ್ಟೆಯನ್ನು ಮುಟ್ಟದೆ, ಬಿಸಿಲಿಗೆ ತಲೆನೋವೇ ಎಂದದ್ದಕ್ಕೆ ಹೂಂ ಅಂದದ್ದು ನನಗೆ ನೆನಪಾಯಿತು. "ತಡೀರಿ ಅಕ್ಕ, ಅಳೆದೇ ಹೇಳ್ತೀನಿ" ಎಂದೆ. ತಟ್ಟೆ ಬರುವ ಮೊದಲು ಹೊರಗೆ ಹೋದೆ. ಮಾಗಡಿ ರಸ್ತೆಯ ಆ ಬದಿಗೆ ದಾಟಿ, ಬಸ್ಸುಗಳ ಹೊಗೆಯಲ್ಲಿ ಅರ್ಧ ಗಂಟೆ ನಿಂತು, ಮತ್ತೆ ದಾಟಿ ಬಂದು ಬಾಗಿಲಲ್ಲಿ ಮೊದಲ ಉಸಿರೆಳೆದೆ. ಅಕ್ಕ ಅಲ್ಲೇ, ಬಿಟ್ಟಲ್ಲೇ ನಿಂತಿದ್ದರು, ಕೈಯಲ್ಲಿ ರೊಟ್ಟಿಯ ತಟ್ಟೆ.

"ಸೊನ್ನೆ" ಎಂದೆ.

"ಇನ್ನೊಮ್ಮೆ ಹೋಗಿ ಬಾ" ಎಂದರು.

ಹೋಗಿ ಬಂದೆ. ಆಮೇಲೆ ಇಬ್ಬರೂ ಕೂತು ತಿಂದೆವು.